ಕೂಸು ಯಾಕೆ ನಡುಗುವುದಿಲ್ಲ?

ಯಾದಗಿರಿ ಸೀಮೆ ಎಂದರೆ ಎಲ್ಲರಿಗೂ ನೆನಪಾಗುವುದು ಬೇಸಿಗೆ. ಅಲ್ಲಿಯ ಚಳಿಯ ಮಾತನ್ನು ಹೊರಗಿನವರು ಆಡುವುದಿಲ್ಲ. ಪುಷ್ಯ ಮಾಸದ ಒಂದು ರಾತ್ರಿ ವಿಶ್ವಾರಾಧ್ಯರ ಮಠವಿರುವ ಅಬ್ಬೆತುಮಕೂರಿನಲ್ಲೋ ಶಹಾಪುರ, ಸುರಪುರದ ಹಳ್ಳಿಗಳಲ್ಲೋ ಮಲಗಿ ಎದ್ದರೆ ಗೊತ್ತಾಗುತ್ತದೆ. ಕಡಲಿಗೆ ದೂರವಾದ ಬಯಲು ನಾಡು. ಆಗ ಆಕಾಶದಲ್ಲಿ ಮೋಡವಿಲ್ಲ, ಗಾಳಿಯಲ್ಲಿ ತೇವವಿಲ್ಲ. ಹಗಲೆಲ್ಲ ಕಾದ ಎರೆನೆಲ ಕತ್ತಲಾಗುತ್ತಲೇ ತನ್ನ ಶಾಖವನ್ನು ಬಾನಿಗೆ ಬಿಟ್ಟುಕೊಡುತ್ತದೆ, ತಡೆಯುವವರಿಲ್ಲ. ಮನೆಯೊಳಗೆ ಹಾಸಿದ ಶಹಾಬಾದ್ ಪರಸಿ ಕಲ್ಲು ಬೆಳಗಿನ ಜಾವಕ್ಕೆ ಕಾಲಿಡಲಾಗದಷ್ಟು ತಣ್ಣಗಾಗಿರುತ್ತದೆ.

ಇಂಥ ಹೊತ್ತಿನಲ್ಲಿ ದೊಡ್ಡವರ ಮೈ ನಡುಗುತ್ತದೆ. ನಡುಕ ಎಂದರೆ ಸ್ನಾಯುಗಳು ಬೇರೆ ಯಾವ ಕೆಲಸವೂ ಇಲ್ಲದೆ ಅದುರಿ ಶಾಖ ಹುಟ್ಟಿಸುವುದು. ಆಗ ತಾನೇ ಹುಟ್ಟಿದ ಕೂಸಿಗೆ ಆ ವಿದ್ಯೆ ಬಹುಮಟ್ಟಿಗೆ ಬರುವುದಿಲ್ಲ. ಆದ್ದರಿಂದ ಕೂಸು ನಡುಗುತ್ತಿಲ್ಲ, ಅದಕ್ಕೆ ಚಳಿಯಾಗಿಲ್ಲ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಅದು ಬೇರೊಂದು ಉಪಾಯದಿಂದ ಮೈ ಕಾಸಿಕೊಳ್ಳುತ್ತದೆ.

ಆ ಉಪಾಯದ ಹೆಸರು ಕಂದು ಕೊಬ್ಬು. 1551ರಲ್ಲಿ ಸ್ವಿಟ್ಜರ್ಲೆಂಡಿನ ಕೊನ್ರಾಡ್ ಗೆಸ್ನರ್ ಚಳಿಗಾಲವಿಡೀ ನಿದ್ದೆ ಹೋಗುವ ಮಾರ್ಮಟ್ ಎಂಬ ಪ್ರಾಣಿಯ ಮೈಯಲ್ಲಿ ಇದನ್ನು ಕಂಡು ಬರೆದಿಟ್ಟ. ಮನುಷ್ಯರ ಕೂಸಿನಲ್ಲಿ ಅದು ಎರಡು ಹೆಗಲ ಮೂಳೆಗಳ ನಡುವೆ, ಕತ್ತಿನ ಸುತ್ತ, ಮೂತ್ರಪಿಂಡಗಳ ಬಳಿ ಇರುತ್ತದೆ. ತಿಂಗಳು ತುಂಬಿ ಹುಟ್ಟಿದ ಕೂಸಿನ ತೂಕದಲ್ಲಿ ಇದರ ಪಾಲು ಹೆಚ್ಚೆಂದರೆ ಶೇಕಡಾ 5. ನಮ್ಮ ಹೊಟ್ಟೆಯ ಬಿಳಿ ಕೊಬ್ಬು ಬರೀ ದಾಸ್ತಾನು. ಕಂದು ಕೊಬ್ಬಿನ ಜೀವಕೋಶಗಳಲ್ಲಾದರೋ ಮೈಟೊಕಾಂಡ್ರಿಯಾಗಳು ಇಡಿಕಿರಿದಿರುತ್ತವೆ. ಅವುಗಳಲ್ಲಿರುವ ಕಬ್ಬಿಣದ ಅಂಶವೇ ಆ ಬಣ್ಣಕ್ಕೆ ಕಾರಣ.

ಅದು ಕೆಲಸ ಮಾಡುವ ಬಗೆ ಆಲಮಟ್ಟಿ ಅಣೆಕಟ್ಟೆಯನ್ನು ನೋಡಿದವರಿಗೆ ಬೇಗ ತಿಳಿಯುತ್ತದೆ. ಬೇರೆ ಜೀವಕೋಶಗಳಲ್ಲಿ ಆಹಾರ ಉರಿದಾಗ ಮೈಟೊಕಾಂಡ್ರಿಯಾದ ಪೊರೆಯ ಒಂದು ಬದಿಗೆ ಪ್ರೋಟಾನುಗಳು ಜಮೆಯಾಗುತ್ತವೆ. ಅವು ಹಿಂದಕ್ಕೆ ಇಳಿಯುವಾಗ ಟರ್ಬೈನಿನಂಥ ಒಂದು ಕಿಣ್ವವನ್ನು ತಿರುಗಿಸಿ, ದೇಹ ಬಳಸಬಲ್ಲ ಎಟಿಪಿ ಎಂಬ ಶಕ್ತಿಯನ್ನು ತಯಾರಿಸುತ್ತವೆ. ಕಂದು ಕೊಬ್ಬಿನಲ್ಲಿ ಯುಸಿಪಿ1 ಎಂಬ ಪ್ರೋಟೀನು ಪಕ್ಕದ ಗೇಟು ತೆಗೆದುಬಿಡುತ್ತದೆ. ಟರ್ಬೈನು ತಿರುಗುವುದಿಲ್ಲ, ಕೂಡಿಟ್ಟ ಶಕ್ತಿಯೆಲ್ಲ ಶಾಖವಾಗುತ್ತದೆ. ಚರ್ಮಕ್ಕೆ ಥಂಡಿ ತಾಗಿದ ಸುದ್ದಿ ಮಿದುಳಿಗೆ ಹೋಗಿ, ನರಗಳು ನಾರ್‌ಅಡ್ರಿನಲಿನ್ ಸುರಿಸಿದ ಕೂಡಲೇ ಈ ಗೇಟು ತೆರೆಯುತ್ತದೆ.

ಆದರೆ ಇದು ದುಬಾರಿ ಬಾಬತ್ತು. ಆಮ್ಲಜನಕ ಬೇಕು, ಸಕ್ಕರೆ ಬೇಕು. ಬಹಳ ಹೊತ್ತು ಚಳಿಯಲ್ಲಿದ್ದ ಕೂಸಿನ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ, ಅದು ಸೋತು ಮೊಲೆ ಹಿಡಿಯುವುದನ್ನೇ ಬಿಡುತ್ತದೆ; ಹಾಲಿಲ್ಲದಿದ್ದರೆ ಶಾಖ ಇನ್ನೂ ಕಡಿಮೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಈ ಕೊಬ್ಬು ಕೂಡಿಕೊಂಡಿರುವುದೇ ಅಲ್ಪ. ಜೊತೆಗೆ ಪ್ರತಿ ಕಿಲೋ ತೂಕಕ್ಕೆ ಕೂಸಿನ ಚರ್ಮದ ವಿಸ್ತಾರ ದೊಡ್ಡವರದಕ್ಕಿಂತ ಸುಮಾರು 3 ಪಟ್ಟು. ಹುಟ್ಟುವ ಶಾಖ ಚೂರು, ಸೋರುವ ದಾರಿ ದೊಡ್ಡದು.

ಇನ್ನು ಕೌದಿಯ ವಿಚಾರ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಲಿದ ಕೌದಿ ನಮ್ಮ ಭಾಗದ ಹೆಣ್ಣುಮಕ್ಕಳ ಕೈಯ ದೊಡ್ಡ ಕಲೆ. ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಅದರ ಗುಟ್ಟು. ಆದರೆ ಕೌದಿಗೆ ತನ್ನದೆಂಬ ಶಾಖವಿಲ್ಲ. ಒಳಗೆ ಇದ್ದುದನ್ನು ಹಿಡಿದಿಡುತ್ತದೆ, ಅಷ್ಟೆ. ಈಗಾಗಲೇ ತಣ್ಣಗಾದ ಕೂಸಿಗೆ ಎಷ್ಟು ಕೌದಿ ಹೊಚ್ಚಿದರೂ ಅದು ತಾನಾಗಿ ಬೆಚ್ಚಗಾಗುವುದು ಕಷ್ಟ. ಶಾಖ ಬೇರೆ ಕಡೆಯಿಂದ ಬರಬೇಕು.

ಎಲ್ಲಿಂದ? 1880ರ ಸುಮಾರಿಗೆ ಪ್ಯಾರಿಸ್ಸಿನ ವೈದ್ಯ ಸ್ಟೆಫಾನ್ ಟಾರ್ನಿಯೇ ಕೋಳಿಮರಿ ಮಾಡಿಸುವ ಪೆಟ್ಟಿಗೆಯನ್ನು ನೋಡಿ ಕೂಸುಗಳಿಗೂ ಅಂಥದ್ದೇ ಪೆಟ್ಟಿಗೆ ಮಾಡಿಸಿದ. ಇನ್‌ಕ್ಯುಬೇಟರ್ ಹುಟ್ಟಿದ್ದು ಹಾಗೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು ರೂಪಿಸಿ, ಬೆಂಗಳೂರನ್ನು ನೆಲೆ ಮಾಡಿಕೊಂಡು ಬೆಳೆಸಿದ ‘ಎಂಬ್ರೇಸ್’ ಇನ್ನೂ ಸರಳ: ಪುಟ್ಟ ಮಲಗುಚೀಲ, ಅದರೊಳಗೆ ಮೇಣದಂಥ ವಸ್ತುವಿನ ಒಂದು ಪೊಟ್ಟಣ. ಕಾಸಿ ಕರಗಿಸಿದ ಆ ವಸ್ತು ಮತ್ತೆ ಗಟ್ಟಿಯಾಗುತ್ತಾ ಸುಮಾರು 37 ಡಿಗ್ರಿಯಲ್ಲೇ ನಿಂತು, ಕರೆಂಟಿಲ್ಲದೆ ಹಲವು ತಾಸು ಶಾಖ ಬಿಡುತ್ತದೆ. ಜಾಣ ಯಂತ್ರ.

ಅದಕ್ಕಿಂತ ಜಾಣ ಯಂತ್ರ ಬಾಣಂತಿಯ ಎದೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರುಗಳು ಸಾಲದೆ ಹೋದಾಗ ಡಾ. ಎಡ್ಗರ್ ರೇ ಕಡಿಮೆ ತೂಕದ ಕೂಸುಗಳನ್ನು ತಾಯಿಯ ಬರಿಮೈಗೆ ಒತ್ತಿ ಕಟ್ಟಿಸಿದರು. ಕಾಂಗರೂ ಆರೈಕೆ ಎಂದು ಹೆಸರಾದ ಈ ಪದ್ಧತಿಯನ್ನು ಹುಟ್ಟಿದ ಕೂಡಲೇ ಆರಂಭಿಸಿದರೆ ಏನಾಗುತ್ತದೆ ಎಂದು ಭಾರತವೂ ಸೇರಿ ಐದು ದೇಶಗಳಲ್ಲಿ ಪರೀಕ್ಷಿಸಲಾಯಿತು. 2021ರಲ್ಲಿ ಫಲಿತಾಂಶ ಬಂತು: 1ರಿಂದ 1.8 ಕಿಲೋ ಒಳಗಿನ ಕೂಸುಗಳಲ್ಲಿ ಮೊದಲ 28 ದಿನಗಳ ಸಾವು ಶೇಕಡಾ 25ರಷ್ಟು ಇಳಿದಿತ್ತು. ನಮ್ಮದೇ ಕಲ್ಯಾಣ ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಸರಕಾರಿ ಆಸ್ಪತ್ರೆಗಳಿಂದ ಮನೆಯವರೆಗೆ ಮುಟ್ಟಿಸುವ ಕೆಲಸವೂ ನಡೆದಿದೆ. ಅಪ್ಪನ ಎದೆಯೂ ಆದೀತು. ಗಂಡಸರು ಇದಕ್ಕೆ ಯಾಕೆ ನಾಚಬೇಕೋ ನನಗೆ ಅರ್ಥವಾಗಿಲ್ಲ.

ಕೂಸು ಬೆಳೆದು ಮೂರ್ನಾಲ್ಕು ತಿಂಗಳಾಗಿ ಮೈ ಕೈ ತುಂಬಿಕೊಂಡರೆ ಲೆಕ್ಕವೇ ತಿರುಗುತ್ತದೆ. ಈಗ ಶಾಖ ಸೋರುವುದಕ್ಕಿಂತ ಅತಿಯಾಗುವುದರ ಭಯ ಹೆಚ್ಚು. ಮನೆಯ ಅಮ್ಮನಿಗೆ ಇದು ಒಪ್ಪಿಗೆಯಾಗದು. “ಕೂಸಿಗಿ ಥಂಡಿ ಹತ್ತತದ, ಮ್ಯಾಲ ಇನ್ನೊಂದು ಕೌದಿ ಹೊಚ್ಚವಾ” ಎನ್ನುತ್ತಾಳೆ. ಮೈಯೆಲ್ಲ ಹೊದಿಕೆಯಲ್ಲಿದ್ದಾಗ ಕೂಸು ಹೆಚ್ಚಾದ ಶಾಖವನ್ನು ಹೊರಹಾಕುವುದು ತಲೆ, ಮುಖದಿಂದ. ಅಲ್ಲಿಯೂ ಕುಲಾವಿ ಬಿಗಿದು ದಪ್ಪ ಕೌದಿ ಎಳೆದರೆ ಆ ದಾರಿಯೂ ಬಂದ್. ಅತಿಯಾದ ಸೆಕೆ ಮತ್ತು ಮುಖದ ಮೇಲೆ ಸರಿಯುವ ಸಡಿಲ ಹೊದಿಕೆ, ಇವೆರಡೂ ಶಿಶುಗಳು ನಿದ್ದೆಯಲ್ಲೇ ಸಾಯುವ ಅಪಾಯವನ್ನು ಹೆಚ್ಚಿಸುತ್ತವೆ. ಹುಟ್ಟಿದ ಮೊದಲ ದಿನಗಳಿಗೆ, ತೂಕ ಕಡಿಮೆಯಿದ್ದವಕ್ಕೆ ಕುಲಾವಿ ಬೇಕು. ಬೆಳೆದ, ಗಟ್ಟಿಮುಟ್ಟಾದ ಕೂಸಿಗೆ ಮನೆಯೊಳಗೆ ಮಲಗುವಾಗ ಬೇಡ. ನಾವು ತೊಟ್ಟುದಕ್ಕಿಂತ ಒಂದು ಪದರ ಹೆಚ್ಚು ಅರಿವೆ, ಕಾಲಿಗೆ ಕಾಲುಚೀಲ, ಅಂಗಾತ ಮಲಗಿಸುವುದು, ಇಷ್ಟು ಸಾಕು. ಕೌದಿಯನ್ನು ಮೇಲೆ ಹೊಚ್ಚುವ ಬದಲು ಸುಕ್ಕಿಲ್ಲದಂತೆ ಮಡಿಚಿ ಕೆಳಗೆ ಹಾಸಿ. ಕಲ್ಲಿಗೆ ಇಳಿದುಹೋಗುವ ಶಾಖ ಅಲ್ಲೇ ನಿಲ್ಲುತ್ತದೆ.

ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಶೆಗಡಿ ಇಡುವ ರೂಢಿಯನ್ನು ಮಾತ್ರ ಬಿಡಲೇಬೇಕು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದೇ ಇಲ್ಲ.

ಕೂಸಿಗೆ ಚಳಿಯೋ ಸೆಕೆಯೋ ತಿಳಿಯಲು ಮುಂಗೈಯ ಹಿಂಬದಿ ಸಾಕು. ಹೊಟ್ಟೆ, ಪಾದ ಎರಡೂ ಬೆಚ್ಚಗಿದ್ದರೆ ಸರಿ. ಕತ್ತಿನ ಹಿಂದೆ ಬೆವರಿದ್ದರೆ ಒಂದು ಅರಿವೆ ತೆಗೆಯಿರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಕೂಸು ಚಳಿಯೊಡನೆ ಹೆಣಗುತ್ತಿದೆ, ಎದೆಗೆ ಅವಚಿಕೊಂಡು ಹಾಲು ಕೊಡಿ. ಹಸುಗೂಸಿನ ಹೊಟ್ಟೆಯೂ ತಣ್ಣಗಾಗಿ, ಅದು ಹಾಲು ಹೀರದೆ ಮಂಕಾಗಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಬರಿಮೈಗೆ ಒತ್ತಿ ಕಟ್ಟಿಕೊಂಡು, ಮೇಲೆ ಕೌದಿ ಸುತ್ತಿಕೊಂಡು, 108ಕ್ಕೆ ಫೋನ್ ಮಾಡಿ.