ಆರು ಟನ್ನಿನ ಗೋಡೆ

ಒಂದು ಮಿಲಿಮೀಟರ್ ಮಳೆ ನಮಗೆ ಲೆಕ್ಕಕ್ಕಿಲ್ಲ. ಅಂಗಳದ ಧೂಳು ಅಡಗಿತು ಅನ್ನುತ್ತೇವೆ, ಅಷ್ಟೆ. ಅದೇ ಒಂದು ಮಿಲಿಮೀಟರ್ 4,823 ಚದರ ಕಿಲೋಮೀಟರಿನ ಹಾವೇರಿ ಜಿಲ್ಲೆಯ ತುಂಬ ಬಿದ್ದರೆ 482 ಕೋಟಿ ಲೀಟರ್. ಒಂದೇ ದಿನ 100 ಮಿ.ಮೀ. ಬಿದ್ದರೆ 17 ಟಿಎಂಸಿ. ಕನ್ನಂಬಾಡಿ ಕಟ್ಟೆ ಹಿಡಿಯುವುದು 49.45 ಟಿಎಂಸಿ. ಅಂಥ ಮೂರು ದಿನದ ಮಳೆಯನ್ನು ಒಟ್ಟುಗೂಡಿಸಿದರೆ ಬರಿದಾದ ಕನ್ನಂಬಾಡಿ ತುಂಬಿ ಹೊರಚೆಲ್ಲುತ್ತದೆ! ಇಷ್ಟಾದರೂ ಹವಾಮಾನ ಇಲಾಖೆಯ ಕೋಷ್ಟಕದಲ್ಲಿ 100 ಮಿ.ಮೀ. ಬರೀ ‘ಭಾರಿ’ ಮಳೆ. ‘ಅತಿ ಭಾರಿ’ ಶುರುವಾಗುವುದೇ 115.6ಕ್ಕೆ.

ಇಂಥ ಮಳೆ ತರುವ ಚಂಡಮಾರುತ ಅಂದರೆ ಕರಾವಳಿಯವರ ಪಾಡು ಅಂತ ನಾವು ನಿರಾಳವಾಗಿರುತ್ತೇವೆ. ಹಾನಗಲ್ಲಿನಿಂದ ಕಡಲು, ಕಾಗೆ ಹಾರಿದ ಲೆಕ್ಕದಲ್ಲಿ, ನೂರು ಕಿಲೋಮೀಟರ್ ಕೂಡ ಇಲ್ಲ. ಘಟ್ಟ ಹತ್ತುವಷ್ಟರಲ್ಲಿ ಗಾಳಿ ಸುಸ್ತಾದರೂ ಮೋಡ ಬಂದೇ ಬರುತ್ತದೆ. ಮೇಲಾಗಿ ವರದಾ ನದಿ ಹುಟ್ಟುವುದು ಸಾಗರದ ಹತ್ತಿರ, ವರದಾಮೂಲದಲ್ಲಿ. ಮಲೆನಾಡಿನ ನೀರನ್ನೆಲ್ಲ ಹೊತ್ತು ಹಾನಗಲ್ಲ, ಸವಣೂರು ಸೀಮೆಗೆ ಇಳಿಯುತ್ತಾಳೆ. ನಮ್ಮಲ್ಲಿ ಹನಿ ಬೀಳದ ದಿನವೂ ಹೊಲ ಮುಳುಗಬಹುದು. 2019ರ ಆಗಸ್ಟ್‌ ನೆರೆಯನ್ನು ವರದೆಯ ದಂಡೆಯವರು ಯಾರೂ ಮರೆತಿಲ್ಲ.

ನೀರಿನ ತೂಕ ಹಿರಿಯರಿಗೆ ಗೊತ್ತಿತ್ತು. ಹಿರೇಕೆರೂರು ಸೀಮೆಯಲ್ಲಿ, ಮಾಸೂರಿನ ಬಳಿ, ಕುಮುದ್ವತಿ ನದಿಗೆ ಅಡ್ಡಲಾಗಿ ಕಟ್ಟಿದ ಮದಗದ ಕೆರೆಯ ಏರಿ ಸುಮಾರು 100 ಅಡಿ ಎತ್ತರ. ತಳದಲ್ಲಿ ಸುಮಾರು 1,000 ಅಡಿ ದಪ್ಪ. ಯಂತ್ರವಿಲ್ಲದ ಕಾಲದಲ್ಲಿ, ಬುಟ್ಟಿ ಬುಟ್ಟಿ ಮಣ್ಣು ಹೊತ್ತು! ಅಂಥ ಕೆರೆಯೂ ಒಂದು ಕಾಲಕ್ಕೆ ಒಡೆಯಿತು. ಈಗ ಉಳಿದಿರುವುದು ಅದರ ಸಣ್ಣ ಪಾಲು. ಹಾಗಿರುವಾಗ ಕೋಡಿಗೆ ಮುಳ್ಳುಕಂಟಿ ಬೆಳೆಸಿಕೊಂಡು, ಕಾಲುವೆಯ ಮೇಲೆ ಗೂಡಂಗಡಿ ಇಟ್ಟುಕೊಂಡು ಕೂತ ನಮ್ಮ ಊರಕೆರೆಗಳ ಗತಿ?

ಈಗ ಮನೆಯೊಳಗೆ ಬನ್ನಿ. ಶಿಗ್ಗಾವಿಯಲ್ಲಿ 30×40 ಅಡಿಯ ಒಂದು ಮನೆ ಅನ್ನಿ. 100 ಮಿ.ಮೀ. ಮಳೆಗೆ ಅದರ ಮಾಳಿಗೆಯ ಮೇಲೆ ಬೀಳುವುದು 11,000 ಲೀಟರ್, ಅಂದರೆ 11 ಟನ್. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ಸುಮಾರು 740 ಕೊಡ. ದೋಣಿ ಇಲ್ಲದ ಸೂರಾದರೆ ಅಷ್ಟೂ ನೀರು ಗೋಡೆಯ ಬುಡಕ್ಕೇ. ಹತ್ತಡಿ ಉದ್ದ, ಎಂಟಡಿ ಎತ್ತರ, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಒಣಗಿದ್ದಾಗಲೇ ಸುಮಾರು 6 ಟನ್ ತೂಗುತ್ತದೆ. ದಸರೆಯಲ್ಲಿ ಅಂಬಾರಿ ಹೊರುವ ಆನೆ 5 ಟನ್ ಚಿಲ್ಲರೆ. ಆನೆಗಿಂತ ಭಾರದ್ದೊಂದರ ಪಕ್ಕದಲ್ಲಿ ಕೂಸುಗಳನ್ನು ಮಲಗಿಸುತ್ತೇವೆ. ಆ ಗೋಡೆ ನೀರು ಕುಡಿದರೆ ಇನ್ನೂ ಐದಾರು ಕ್ವಿಂಟಲ್ ಏರುತ್ತದೆ, ಬಲ ಮಾತ್ರ ಇಳಿಯುತ್ತದೆ. ಬೀಳುವ ಮುನ್ನ ಬುಡದಲ್ಲಿ ಹಸಿ ಗೆರೆ ಮೊಣಕಾಲೆತ್ತರಕ್ಕೆ ಏರಿರುತ್ತದೆ, ಗಿಲಾವು ಉಬ್ಬಿ ಹೊಪ್ಪಳೆ ಏಳುತ್ತದೆ, ಮೂಲೆಯಲ್ಲಿ ಬೆರಳು ತೂರುವಷ್ಟು ಬಿರುಕು. ಮಳೆ ನಿಂತು ಬಿಸಿಲು ಬಂತಲ್ಲ ಅಂತ ಸಮಾಧಾನಪಡಬೇಡಿ. ನೆನೆದ ಗೋಡೆ ಆಮೇಲೂ ಬೀಳುತ್ತದೆ.

ಸವಣೂರಿನ ದೊಡ್ಡಹುಣಸೆ ಮರಗಳನ್ನು ನೋಡಿದ್ದೀರಲ್ಲ, ಆಫ್ರಿಕಾ ಮೂಲದ ಆ ಮೂರು ದೈತ್ಯರನ್ನು? 2023ರ ಜುಲೈ ಮಳೆಗೆ ಒಂದು ಬುಡಮೇಲಾಯಿತು. ಊರು ನೆರೆಯಿತು, ಕ್ರೇನ್ ಬಂತು, ಮರವನ್ನು ಎತ್ತಿ ನಿಲ್ಲಿಸಿದರು. ಮರುವರ್ಷದ ಜುಲೈನಲ್ಲಿ ಅದೇ ತಾಲೂಕಿನ ಮಾದಾಪುರದಲ್ಲಿ ಮನೆ ಕುಸಿದು ಮೂವರು ಸತ್ತರು. ಅವರಲ್ಲಿ ಇಬ್ಬರು ಅವಳಿ ಕೂಸುಗಳು. ಅಲ್ಲಿ ಕ್ರೇನಿಗೆ ಮಾಡಲು ಏನೂ ಇರಲಿಲ್ಲ.

ಮಳೆಗಾಲಕ್ಕೆ ಮೊದಲು ಸೂರಿಗೊಂದು ತಗಡಿನ ದೋಣಿ, ಗೋಡೆಗೊಂದು ತಾಡಪತ್ರಿ ಮನೆಯವರ ಕೆಲಸ. ಕೋಡಿ, ಕಾಲುವೆ ಬಿಡಿಸುವುದು ಓಣಿಯವರ ಕೆಲಸ. ಪಂಚಾಯಿತಿ ಬರಲಿ ಅಂತ ಕಾದರೆ ಮಳೆ ಮೊದಲು ಬರುತ್ತದೆ. ಮುದುಕರು ಒಬ್ಬರೇ ಇರುವ ಮನೆ ಯಾವುದು ಅಂತ ಪಕ್ಕದವರಿಗೆ ಗೊತ್ತೇ ಇರುತ್ತದೆ.

ಇವತ್ತು ರಾತ್ರಿ ಒಂದು ಟೇಪು ತಗೊಳ್ಳಿ. ಎಂಟಡಿ ಗೋಡೆ ಬಿದ್ದರೆ ಎಂಟಡಿ ದೂರ ಚಾಚುತ್ತದೆ. ನೆನೆದ ಗೋಡೆಯಿಂದ ಹಾಸಿಗೆ ಅಷ್ಟು ದೂರ ಇಲ್ಲದಿದ್ದರೆ, ಹಾಸಿಗೆ ಸುತ್ತಿಕೊಂಡು ಊರ ಶಾಲೆಗೆ ಹೋಗಿ ಮಲಗಿ.