ಪೊಟ್ಟಿಪುರದ ಬೆಟ್ಟವೇ ಪಠ್ಯ

ತಮಿಳುನಾಡಿನ ಆಂಡಿಪಟ್ಟಿಯಿಂದ ತೇನಿ ದಾಟಿ ಬೋಡಿಯ ಕಡೆ ಸಾಗಿದರೆ ಪಶ್ಚಿಮ ಘಟ್ಟ ಎದುರಿಗೇ ಎದ್ದು ನಿಲ್ಲುತ್ತದೆ. ಆ ಸಾಲಿನ ಬುಡದಲ್ಲಿರುವ ಪೊಟ್ಟಿಪುರದ ಬೆಟ್ಟದೊಳಗೆ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳನ್ನು ಗಮನಿಸುವ ಭಾರತದ ವೀಕ್ಷಣಾಲಯ ಬರಬೇಕಿತ್ತು. ಸುಮಾರು ಎರಡು ಕಿ.ಮೀ. ಉದ್ದದ ಸುರಂಗ, ಸುತ್ತಲೂ ಒಂದು ಕಿ.ಮೀ.ಗೂ ಹೆಚ್ಚು ದಪ್ಪದ ಬಂಡೆ, ನಡುವೆ 50,000 ಟನ್ ಕಬ್ಬಿಣದ ಶೋಧಕ. ಸುಮಾರು 1,500 ಕೋಟಿ ರೂಪಾಯಿಯ ಈ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಸುದ್ದಿ 2015ರ ಜನವರಿಯಲ್ಲಿ ಹೊರಬಿತ್ತು. ಆದರೆ ಸುರಂಗದ ಕೆಲಸ ಆರಂಭವಾಗಲೇ ಇಲ್ಲ.

ತಂತ್ರಜ್ಞಾನ ನೀತಿ ಮತ್ತು ಅಂತರರಾಷ್ಟ್ರೀಯ ವ್ಯವಹಾರಗಳನ್ನು ಒಟ್ಟಿಗೆ ಓದುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಠ್ಯ ಸಿಗುವುದು ಕಷ್ಟ. ಇಂಥ ಓದಿಗೆ ಬೆಂಗಳೂರು ಈಗ ದೊಡ್ಡ ಕೇಂದ್ರ. ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿಯಿದೆ. ತಕ್ಷಶಿಲಾ ಸಂಸ್ಥೆ ತಂತ್ರಜ್ಞಾನ ನೀತಿ ಕಲಿಸುತ್ತದೆ. 1988ರಲ್ಲಿ ಜೆ.ಆರ್.ಡಿ. ಟಾಟಾ ಕನಸಿನಂತೆ ಹುಟ್ಟಿದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ನಿಯಾಸ್‌ನಲ್ಲಿ ವಿಜ್ಞಾನ ಮತ್ತು ಸಮಾಜವಿಜ್ಞಾನದವರು ಒಂದೇ ಸೂರಿನಡಿ ಕೂರುತ್ತಾರೆ.

ನ್ಯೂಟ್ರಿನೊ ಕಥೆಯ ಮೊದಲ ಅಧ್ಯಾಯ ಕರ್ನಾಟಕದ್ದೇ. ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿ.ಮೀ.ಗೂ ಹೆಚ್ಚು ಆಳದಲ್ಲಿ, 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್), ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಕೂಡಿ ಮಾಡಿದ ಕೆಲಸ ಅದು. ತಂಡದಲ್ಲಿದ್ದ ಬಿ.ವಿ. ಶ್ರೀಕಂಠನ್ ನಂಜನಗೂಡಿನವರು, ಮುಂದೆ ಟಿಐಎಫ್‌ಆರ್ ನಿರ್ದೇಶಕರಾದರು, ಕೊನೆಯ ವರ್ಷಗಳನ್ನು ನಿಯಾಸ್‌ನಲ್ಲಿ ಕಳೆದರು. ಕೋಲಾರದಲ್ಲಿ ಗಣಿ ಮೊದಲೇ ಇತ್ತು, ಇಳಿಯಲು ಲಿಫ್ಟ್ ಇತ್ತು, ಕಾರ್ಮಿಕರ ಊರಿತ್ತು. 2001ರಲ್ಲಿ ಆ ಗಣಿ ಮುಚ್ಚಿತು. ಹೊಸ ಜಾಗಕ್ಕೆ ಹುಡುಕಾಟ ನಡೆದಾಗ ಮೊದಲು ಕಣ್ಣಿಗೆ ಬಿದ್ದದ್ದು ನೀಲಗಿರಿಯ ಸಿಂಗಾರ. ಅಲ್ಲಿ ಮುದುಮಲೆಯ ಹುಲಿಗಳ ಪ್ರಶ್ನೆ ಎದ್ದು, ಯೋಜನೆ ತೇನಿಗೆ ಬಂತು.

ತೇನಿಯಲ್ಲಿ ಎದ್ದ ಆತಂಕಗಳನ್ನು ಬೇರ್ಪಡಿಸಿ ನೋಡಬೇಕು. ನ್ಯೂಟ್ರಿನೊ ಅಪಾಯಕಾರಿ ಎಂಬ ಭಯಕ್ಕೆ ಭೌತಶಾಸ್ತ್ರ ಉತ್ತರಿಸಬಲ್ಲದು: ಕೋಟ್ಯಂತರ ನ್ಯೂಟ್ರಿನೊಗಳು ಪ್ರತಿ ಕ್ಷಣವೂ ನಮ್ಮ ದೇಹದೊಳಗೆ ಹಾದುಹೋಗುತ್ತಲೇ ಇವೆ. ಆದರೆ ಸಿಡಿಮದ್ದಿನ ಕಂಪನ, ಅಗೆದ ಕಲ್ಲಿನ ರಾಶಿ, ದನ ಮೇಯುವ ಜಾಗ, ಅಂತರ್ಜಲ ಇವೆಲ್ಲ ಬೇಸಾಯ ಮಾಡುವವರ ನ್ಯಾಯವಾದ ಪ್ರಶ್ನೆಗಳು. 1895ರಿಂದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರನ್ನು ನಂಬಿ ಬದುಕಿದ ಕಣಿವೆ, ಬೆಟ್ಟದ ಬಂಡೆ ಸಿಡಿಸುತ್ತಾರೆಂದರೆ ಸುಮ್ಮನಿರುವುದಿಲ್ಲ.

ಕಾನೂನಿನ ಪಾಠವೂ ಇಲ್ಲೇ ಇದೆ. ಕೇರಳದ ಮತಿಕೆಟ್ಟಾನ್ ಶೋಲಾ ರಾಷ್ಟ್ರೀಯ ಉದ್ಯಾನ ಯೋಜನೆಯ ಜಾಗದಿಂದ ಐದು ಕಿ.ಮೀ. ಒಳಗೇ ಇದೆ. ಅಷ್ಟು ಸಮೀಪವಿದ್ದರೆ ಯೋಜನೆಗೆ ಹೆಚ್ಚು ಕಟ್ಟುನಿಟ್ಟಾದ ಪರಿಶೀಲನೆ ಬೇಕು. ಅದೇ ಅಂಶ ಹಿಡಿದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ಪರಿಸರ ಅನುಮತಿಗೆ ತಡೆಯೊಡ್ಡಿತು. 2018ರಲ್ಲಿ ಕೇಂದ್ರ ಮತ್ತೆ ಅನುಮತಿ ಕೊಟ್ಟರೂ, ವನ್ಯಜೀವಿ ಮಂಡಳಿಯ ಒಪ್ಪಿಗೆಯೂ ಬೇಕೆಂದು ನ್ಯಾಯಮಂಡಳಿ ಹೇಳಿತು. ಹುಲಿಗಳ ಓಡಾಟದ ದಾರಿಯನ್ನು ಮುಂದಿಟ್ಟು, ಅನುಮತಿ ಕೊಡಲಾಗದು ಎಂದು ತಮಿಳುನಾಡು ಸರ್ಕಾರ 2022ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು.

ಈ ನಡುವೆ ಜಗತ್ತು ಕಾಯಲಿಲ್ಲ. ಪೊಟ್ಟಿಪುರದ ಶೋಧಕ ಉತ್ತರಿಸಬೇಕಿದ್ದ ಪ್ರಶ್ನೆ, ನ್ಯೂಟ್ರಿನೊಗಳ ದ್ರವ್ಯರಾಶಿಯ ಶ್ರೇಣಿ ಯಾವುದು ಎಂಬುದನ್ನೇ ಹಿಡಿದು ಚೀನಾದ ಗುವಾಂಗ್‌ಡಾಂಗ್‌ನಲ್ಲಿ ಕಟ್ಟಿದ ಜುನೊ ಶೋಧಕ 2025ರಲ್ಲಿ ಕೆಲಸ ಶುರುಮಾಡಿದೆ. ಹಲವು ದೇಶಗಳ ವಿಜ್ಞಾನಿಗಳು ಅಲ್ಲಿದ್ದಾರೆ. ಒಂದು ಹಳ್ಳಿಯ ಜೊತೆಗಿನ ಮಾತುಕತೆ ಮುರಿದರೆ ಅದರ ಪರಿಣಾಮ ದೇಶದ ವಿಜ್ಞಾನ ರಾಜತಾಂತ್ರಿಕತೆಯವರೆಗೂ ಮುಟ್ಟುತ್ತದೆ.

ಆದ್ದರಿಂದ ನೀತಿ ಓದುವವರು ಒಂದು ಸೆಮಿಸ್ಟರ್‌ನ ಕೆಲವು ವಾರಗಳನ್ನಾದರೂ ತೇನಿಯಲ್ಲಿ ಕಳೆಯಲಿ. ಅಲ್ಲಿನ ಕಂಬಂ ಕಣಿವೆಯಲ್ಲಿ ಇಂದಿಗೂ ಮನೆಯೊಳಗೆ ಕನ್ನಡ ಆಡುವ ಕಾಪ್ಪಿಲಿಯ ಕುಟುಂಬಗಳಿವೆ. ನಮ್ಮ ವಿದ್ಯಾರ್ಥಿಗಳಿಗೆ ಅಲ್ಲಿ ಮಾತು ಶುರುಮಾಡಲು ತೊಡಕಾಗದು. ನಾಳೆ ದೆಹಲಿಯ ಕಡತಗಳ ಮೇಲೆ ಷರಾ ಬರೆಯುವವರು, ಜಿನೀವಾದಲ್ಲಿ ಭಾರತದ ಪರ ಮಾತಾಡುವವರು ಇವರೇ. ಪರಿಸರ ವರದಿಯನ್ನು ರೈತರಿಗೆ ಅವರ ಭಾಷೆಯಲ್ಲಿ ಓದಿ ಹೇಳುವುದು, ಅವರ ಪ್ರಶ್ನೆಯನ್ನು ವಿಜ್ಞಾನಿಗೆ ಬಿಡಿಸಿ ತಿಳಿಸುವುದು, ಉತ್ತರ ಬರುವವರೆಗೆ ಅಗೆತ ಬೇಡವೆನ್ನುವುದು: ಈ ಮೂರನ್ನು ಕಲಿಸದ ಪದವಿ ಅಪೂರ್ಣ.