ಎಡಗೈಯ ಗುರು

1966ರ ಡಿಸೆಂಬರಿನಲ್ಲಿ ಮೆಲ್ಬರ್ನ್ ನಗರದಲ್ಲಿ ನಡೆದ ಡೇವಿಸ್ ಕಪ್ ಅಂತಿಮ ಸುತ್ತಿನಲ್ಲಿ ಭಾರತ ಆಸ್ಟ್ರೇಲಿಯಕ್ಕೆ 4–1ರಿಂದ ಸೋತಿತು. ನಮಗೆ ದೊರೆತ ಆ ಒಂದು ಗೆಲುವು ಡಬಲ್ಸ್‌ನಲ್ಲಿ, ರಾಮನಾಥನ್ ಕೃಷ್ಣನ್ ಮತ್ತು ಜೈದೀಪ್ ಮುಖರ್ಜಿಯವರದು. ಎದುರಿಗಿದ್ದವರು ಜಾನ್ ನ್ಯೂಕೋಂಬ್ ಹಾಗೂ ಟೋನಿ ರೋಚ್ ಎಂದರೆ ಅದರ ತೂಕ ಎಷ್ಟೆಂಬುದು ತಿಳಿದೀತು.

ಏಕೆಂದರೆ ಈ ಜೋಡಿ ವಿಂಬಲ್ಡನ್ ಪ್ರಶಸ್ತಿಯನ್ನು 1965ರಿಂದ 1974ರೊಳಗೆ 5 ಸಲ, ನಾಲ್ಕು ಮಹಾಪಂದ್ಯಾವಳಿಗಳಲ್ಲಿ ಒಟ್ಟು 12 ಸಲ ಗೆದ್ದಿತು. ನ್ಯೂ ಸೌತ್ ವೇಲ್ಸಿನ ಟಾರ್ಕಟ್ಟ ಎಂಬ ಸಣ್ಣ ಊರಿನ ಮಾಂಸದ ವ್ಯಾಪಾರಿಯ ಮಗ ರೋಚ್ ಎಡಗೈ ಆಟಗಾರರು. ಬಲೆಯ ಬಳಿಗೆ ನುಗ್ಗಿ, ಚೆಂಡು ನೆಲ ಮುಟ್ಟುವ ಮುನ್ನವೇ ಹೊಡೆಯುವ ಅವರ ಬ್ಯಾಕ್‌ಹ್ಯಾಂಡ್ ವಾಲಿಗೆ ಸಾಟಿಯಾದವರು ವಿರಳ.

ಸಿಂಗಲ್ಸ್‌ನಲ್ಲಿ ಅದೃಷ್ಟ ಅಷ್ಟು ಒಲಿಯಲಿಲ್ಲ. 1966ರಲ್ಲಿ ಫ್ರೆಂಚ್ ಪ್ರಶಸ್ತಿಯೇನೋ ಬಂದಿತು. ಆದರೆ 1968ರ ವಿಂಬಲ್ಡನ್ ಅಂತಿಮ ಪಂದ್ಯದಲ್ಲಿ ರಾಡ್ ಲೇವರ್ ಅವರಿಗೆ ಸೋತರು. ಮುಂದೆ ಎಡ ಮೊಣಕೈ ಕೆಟ್ಟಿತು. ಶಸ್ತ್ರಚಿಕಿತ್ಸೆಯೂ ಸಾಲದೆ ರೋಚ್ ಫಿಲಿಪೀನ್ಸ್ ದೇಶದ ಮಾಂತ್ರಿಕ ವೈದ್ಯನೊಬ್ಬನ ಬಳಿಗೂ ಹೋದರು. ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. 1975ರಲ್ಲಿ ಅವರು ಮತ್ತೆ ವಿಂಬಲ್ಡನ್ ಉಪಾಂತ್ಯಕ್ಕೆ ಬಂದದ್ದಂತೂ ನಿಜ.

ರಾಕೆಟ್ಟನ್ನು ಕೆಳಗಿಟ್ಟ ಮೇಲೆ ಅವರ ವಿದ್ಯೆಯನ್ನು ಅರಸಿ ಬಂದವರು ಇವಾನ್ ಲೆಂಡ್ಲ್. ಹಿಂದಿನ ಗೆರೆಯಲ್ಲಿ ನಿಂತು ಬಿರುಹೊಡೆತಗಳಿಂದ ಲೋಕವನ್ನೇ ಗೆದ್ದ ಈ ವೀರನಿಗೆ ಹುಲ್ಲಿನ ಅಂಗಣ ಮಾತ್ರ ಒಗ್ಗದು. ಬಲೆಯತ್ತ ಓಡುವುದನ್ನು, ವಾಲಿ ಹೊಡೆಯುವುದನ್ನು ಗುರು ಕಲಿಸತೊಡಗಿದರು. 1986ರಲ್ಲಿ ಬೆಕರ್, 1987ರಲ್ಲಿ ಕ್ಯಾಶ್: ಎರಡು ಅಂತಿಮ ಪಂದ್ಯಗಳಲ್ಲಿಯೂ ಸೋಲು. 1990ರಲ್ಲಿ ಲೆಂಡ್ಲ್ ಪ್ಯಾರಿಸ್ ಪಂದ್ಯಾವಳಿಯನ್ನೇ ಬಿಟ್ಟು ಹುಲ್ಲಿನ ಮೇಲೆ ಸಾಧನೆ ಮಾಡಿದರು. ಉಪಾಂತ್ಯದಲ್ಲಿಯೇ ಆಟ ಮುಗಿಯಿತು. ಮಧ್ಯವಯಸ್ಸಿನ ಆಸುಪಾಸಿನಲ್ಲಿ ಹೊಸ ಭಾಷೆ ಕಲಿತವನು ಅದರಲ್ಲಿ ವ್ಯವಹಾರ ನಡೆಸಬಲ್ಲ, ಜಗಳವಾಡಲಾರ. ಲೆಂಡ್ಲರ ವಾಲಿಯೂ ಹಾಗೆಯೇ ಎಂದು ನನಗೆ ತೋರುತ್ತದೆ.

ಮತ್ತೊಬ್ಬ ಶಿಷ್ಯ ಪ್ಯಾಟ್ರಿಕ್ ರಾಫ್ಟರಿಗೆ ಬಲೆಯ ಆಟವೇ ಸಹಜ. ಅಮೆರಿಕದ ಪ್ರಶಸ್ತಿಯನ್ನು 1997, 1998ರಲ್ಲಿ ಗೆದ್ದ ಆತ 2000 ಮತ್ತು 2001ರ ವಿಂಬಲ್ಡನ್ ಅಂತಿಮ ಪಂದ್ಯಗಳಲ್ಲಿ ಸೋತರು. ಗುರುವಿನ ಸೋಲೂ ಸೇರಿ, ಐದಾಯಿತು!

ಈ ನಡುವೆ ಹಳೆಯ ಜೋಡಿ ಪುನಃ ಕೂಡಿತ್ತು. ನ್ಯೂಕೋಂಬ್ ನಾಯಕರಾಗಿ, ರೋಚ್ ತರಬೇತುದಾರರಾಗಿ, 1999ರಲ್ಲಿ ನೀಸ್ ನಗರದಲ್ಲಿ ಫ್ರಾನ್ಸನ್ನು ಮಣಿಸಿ ಡೇವಿಸ್ ಕಪ್ಪನ್ನು ಆಸ್ಟ್ರೇಲಿಯಕ್ಕೆ ತಂದರು.

ಕೊನೆಗೆ 2005ರಲ್ಲಿ ರೋಜರ್ ಫೆಡರರ್ ಅವರ ಬಳಿಗೆ ಬಂದರು. ವರ್ಷದಲ್ಲಿ ಕೆಲವೇ ವಾರಗಳ ಪಾಠ. ಆ ವರ್ಷವೂ ಮರುವರ್ಷವೂ ವಿಂಬಲ್ಡನ್ ಸಿಂಗಲ್ಸ್ ಕಪ್ಪು ರೋಚರ ಶಿಷ್ಯನ ಕೈಯಲ್ಲಿತ್ತು.